ಮೂಲಪತ್ರದ ಬೆನ್ನು ಹತ್ತಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ನಿವೇಶನ ಕೊಂಡು ನೋಡು’ ಎಂಬ ಮೂರನೆಯ ಮಾತನ್ನು ಏಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಮನೆ ಕಟ್ಟುವ ನೆಲ ಅವರಿಗೆ ತಾತನ ಕಾಲದಿಂದಲೇ ಬಂದಿದ್ದಿರಬೇಕು. ನಮ್ಮಂತಹ ಸಂಬಳದವರ ಪಾಡು ಬೇರೆ. ಹಲವು ವರ್ಷಗಳ ಉಳಿತಾಯ, ಮಡದಿಯ ಬಳೆ, ಬ್ಯಾಂಕಿನ ಸಾಲ ಎಲ್ಲವನ್ನೂ ಒಟ್ಟುಗೂಡಿಸಿ ಮೂವತ್ತು ನಲವತ್ತು ಅಡಿಯ ನೆಲವನ್ನು ಕೊಂಡೆವೆಂದು ಹಿಗ್ಗುತ್ತೇವೆ. ನಮ್ಮ ಕೈಗೆ ಬರುವುದು ಒಂದು ಕಾಗದದ ಕಟ್ಟು. ಅದನ್ನು ಓದಬಲ್ಲವರು ಎಷ್ಟು ಮಂದಿ?

ಈ ಪ್ರಶ್ನೆ ನನ್ನ ತಲೆಗೆ ಬಂದುದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡು ಬಿ.ಎ. ಮುಗಿಸಿದ ಆಕೆ, ಮೇಷ್ಟರ ಕೆಲಸ ದೊರೆಯದೆ, ಜಿಲ್ಲಾ ಕೇಂದ್ರವೊಂದರಲ್ಲಿ ಹಿರಿಯ ವಕೀಲರ ಕಚೇರಿಗೆ ಸಹಾಯಕಿಯಾಗಿ ಸೇರಿದಳು. ಆಸ್ತಿ ಕೊಳ್ಳುವವರು ತರುವ ದಾಖಲೆಗಳನ್ನು ಶೋಧಿಸುವುದು, ಕೊರತೆಗಳನ್ನು ಗುರುತು ಹಾಕುವುದು, ಎಲ್ಲವೂ ನೇರವಾದ ಮೇಲೆ ಉಪನೋಂದಣಿ ಕಚೇರಿಯಲ್ಲಿ ಎರಡು ಕಡೆಯವರನ್ನೂ ಕೂಡಿಸಿ ಕ್ರಯವನ್ನು ಮುಗಿಸುವುದು ಆಕೆ ಕಲಿಯಬೇಕಾದ ಕೆಲಸ. ಒಂದು ದಿನ ಫೋನಿನಲ್ಲಿ, “ಸರ್, ಒಂದು ಹಳೆಯ ಪತ್ರ ಬಂದಿದೆ. ಅಕ್ಷರ ಬಿಡಿಸುವುದಕ್ಕೆ ಆಗುತ್ತಿಲ್ಲ” ಎಂದಳು. ಶನಿವಾರ ಹೋದೆ.

ಪದಗಳ ನಡುವೆ ತೆರಪಿಲ್ಲದ ಮೋಡಿಯಂತಹ ಬರವಣಿಗೆ. ತಾರೀಖಿನ ಸ್ಥಾನದಲ್ಲಿ ‘ಯುವ ಸಂವತ್ಸರ’ ಎಂದಷ್ಟೇ ಇತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುವಲ್ಲವೆ? ಇದು 1875ರ ಯುವವೋ 1935ರ ಯುವವೋ? ನಾನು ಲಿಪಿಯ ವಿನ್ಯಾಸ ನೋಡಿ ಪಾಂಡಿತ್ಯ ತೋರಿಸಹೊರಟಿದ್ದೆ. ವಕೀಲರು ನಸುನಗುತ್ತ ಹಾಳೆಯನ್ನು ಮಗುಚಿದರು. ಛಾಪಾ ಕಾಗದ ಮಾರಿದವನು ಹಿಂಬದಿಯಲ್ಲಿ 1935 ಎಂದು ಬರೆದು ರುಜು ಹಾಕಿದ್ದ. “ಮೇಷ್ಟ್ರೇ, ಪತ್ರಕ್ಕೆ ಬೆನ್ನೂ ಒಂದು ಮುಖವೇ” ಎಂದರು.

ಆದರೆ ಒಳಗಿನ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ — ಈ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ ಕೊಟ್ಟೆನೆಂಬ ವಾಕ್ಯ. ವಿಜಯನಗರ ಕಾಲದ ದಾನಶಾಸನಗಳಲ್ಲಿ ನಾವು ತರಗತಿಯಲ್ಲಿ ಓದಿಸುವ ಮಾತುಗಳೇ ಇವು! ಕಲ್ಲಿನಿಂದ ಕಾಗದಕ್ಕೆ ಇಳಿದು, ಇಂದಿಗೂ ಎಷ್ಟೋ ಕ್ರಯಪತ್ರಗಳಲ್ಲಿ ಉಸಿರಾಡುತ್ತಿವೆ. ನನ್ನ ಸಂಭ್ರಮವನ್ನು ವಕೀಲರು ಸಾವಧಾನವಾಗಿ ಕೇಳಿ, ಹುಡುಗಿಯ ಕಡೆ ತಿರುಗಿ, “ಅಷ್ಟಭೋಗ ಇರಲಮ್ಮ. ಕೊಟ್ಟವನಿಗೆ ಅದು ಎಲ್ಲಿಂದ ಬಂತು?” ಎಂದರು.

ಆಕೆಯ ವಿದ್ಯಾಭ್ಯಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆಯಿತು. ಮೊದಲ ಮೂರು ತಿಂಗಳು ಕರಡು ಬರೆಯಗೊಡಲಿಲ್ಲವಂತೆ. ದೊಡ್ಡ ಹಾಳೆಯ ಮೇಲೆ ಯಾರಿಂದ ಯಾರಿಗೆ, ಯಾವ ಪತ್ರದ ಮೂಲಕ ಎಂಬ ಸರಪಣಿಯನ್ನು ಮೂಲಪತ್ರದವರೆಗೆ ಬರೆಯಬೇಕು. ಒಂದು ಕೊಂಡಿ ತಪ್ಪಿದರೂ ಅಲ್ಲಿ ನಿಲ್ಲಬೇಕು. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಮನೆ ಎಂದಿದ್ದರೆ, ಆ ನೆರೆಮನೆಯವರ ಪತ್ರದಲ್ಲಿ ಪಶ್ಚಿಮಕ್ಕೆ ನಮ್ಮ ನಿವೇಶನ ಬರಬೇಕು. ಖಾತೆ ಕಂದಾಯ ಕಟ್ಟುವವರ ಹೆಸರನ್ನು ಹೇಳುತ್ತದೆಯೇ ಹೊರತು ಒಡೆತನವನ್ನು ಕೊಡುವುದಿಲ್ಲ. ಮುಖ್ತಿಯಾರ್ ಪತ್ರದ ಮೇಲೆ ‘ಮಾರಾಟ’ವಾದ ಆಸ್ತಿಯಿಂದ ಹಕ್ಕು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ.

ವಾಚಕರಲ್ಲಿ ಬಹುಮಂದಿಗೆ ಇರುವ ಒಂದು ಭ್ರಮೆ ನನಗೂ ಇತ್ತು. ನೋಂದಣಿಯಾದ ಮೇಲೆ ಸರ್ಕಾರವೇ ಜಾಮೀನು ನಿಂತಂತೆ ಎಂದು ತಿಳಿದಿದ್ದೆ. ಹಾಗಲ್ಲ. 1908ರ ನೋಂದಣಿ ಅಧಿನಿಯಮದಂತೆ ಅಧಿಕಾರಿ ದಾಖಲೆಯನ್ನು ನೋಂದಾಯಿಸುತ್ತಾನೆ. ಮಾರುವವನಿಗೆ ಹಕ್ಕುಂಟೆ ಎಂಬುದನ್ನು ತೀರ್ಮಾನಿಸುವುದು ಅವನ ಕೆಲಸವಲ್ಲ. ಋಣಭಾರ ಪತ್ರವೂ ಅಷ್ಟೆ. ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಪೆಟ್ಟಿಗೆಯಲ್ಲಿ ಮಲಗಿರುವ ನೋಂದಣಿಯಾಗದ ಉಯಿಲು ಅದರ ಕಣ್ಣಿಗೆ ಬೀಳದು.

ಅಮೆರಿಕದಲ್ಲಿ ಇಂತಹ ಕೆಲಸ ಮಾಡುವವರಿಗೆ ‘ಟೈಟಲ್ ಕ್ಲೋಸರ್’ ಎಂಬ ಹೆಸರುಂಟು. ಹಿಂದಿನ ಸಾಲ ತೀರಿತೆ, ರುಜು ಹಾಕುವವರು ಅವರೇ ಹೌದೆ ಎಂದು ನೋಡಿ, ಮೇಜಿನ ಮುಂದೆಯೇ ಪತ್ರವನ್ನೂ ಹಣವನ್ನೂ ಕೈ ಬದಲಾಯಿಸಿ ವ್ಯವಹಾರ ಮುಗಿಸುತ್ತಾರೆ. ಅಲ್ಲಿ ಇವರ ಬೆನ್ನಿಗೆ ವಿಮೆಯಿದೆ. 1868ರಲ್ಲಿ ಪೆನ್ಸಿಲ್ವೇನಿಯದ ನ್ಯಾಯಾಲಯ, ವಕೀಲರ ಅಭಿಪ್ರಾಯವನ್ನು ನಂಬಿ ತಪ್ಪಿದ ಪತ್ರಗಾರ ನಷ್ಟಕ್ಕೆ ಹೊಣೆಯಲ್ಲ ಎಂದಿತು. ಕೊಂಡವನ ಗತಿಯೇನು ಎಂಬ ಚಿಂತೆಯಿಂದ 1876ರಲ್ಲಿ ಫಿಲಡೆಲ್ಫಿಯದಲ್ಲಿ ಹಕ್ಕಿನ ವಿಮೆಯ ಮೊದಲ ಕಂಪನಿ ಹುಟ್ಟಿತು. ನಮ್ಮ ಸಾಮಾನ್ಯ ಗೃಹಸ್ಥನಿಗೆ ಅಂತಹ ವಿಮೆಯ ರೂಢಿಯಿಲ್ಲ. ಓದುವವರ ಕಣ್ಣೇ ಅವನ ವಿಮೆ.

ಯುವ ಸಂವತ್ಸರದ ಆ ಪತ್ರಕ್ಕೆ ಮರಳುತ್ತೇನೆ. ನಿವೇಶನ ಕೊಳ್ಳಲಿದ್ದವರು ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯರು. ನಿವೃತ್ತಿಯ ಇಡುಗಂಟಿನಿಂದ ಮುಂಗಡವನ್ನೂ ಕೊಟ್ಟಿದ್ದರು. ಮಾರುವವರು ಮೂವರು ಅಣ್ಣತಮ್ಮಂದಿರು. ಅವರ ತಂದೆ 1961ರಲ್ಲಿ ಸ್ವಂತ ಹಣದಿಂದ ಕೊಂಡದ್ದು; ಅವರು 1991ರಲ್ಲಿ ಉಯಿಲು ಬರೆಯದೆ ತೀರಿಕೊಂಡರು; ತಾಯಿಯೂ ಇಲ್ಲ. ವಂಶವೃಕ್ಷದಲ್ಲಿ ಮೂರು ಹೆಸರು, ಖಾತೆಯಲ್ಲಿ ಅದೇ ಮೂರು ಹೆಸರು. ಮೂವತ್ತು ವರ್ಷಗಳ ಋಣಭಾರ ಪತ್ರ ನಿರ್ಮಲ. ಆದರೆ ಮೂಲಪತ್ರದವರೆಗೆ ಹೋಗಬೇಕೆಂಬುದು ವಕೀಲರ ಹಟ. ಹಾಗೆ ಹಿಂದಕ್ಕೆ ಹೋದಾಗ 1972ರ ಒಂದು ಅಡಮಾನ ಸಿಕ್ಕಿತು. 1979ರಲ್ಲಿ ಸಾಲ ತೀರಿ ಬಿಡುಗಡೆಯೂ ಆಗಿತ್ತು. ತೀರಿದ ಸಾಲವೆಂದು ಯಾರಾದರೂ ದಾಟಿಬಿಡುತ್ತಿದ್ದರು. ಹಳೆಯ ಕೈಬರಹ ಆಗಷ್ಟೇ ಪಳಗಿದ್ದರಿಂದಲೋ ಏನೋ, ಹುಡುಗಿ ಅದರ ದೃಢೀಕೃತ ನಕಲನ್ನು ತರಿಸಿ ಪೂರ್ತಿ ಓದಿದಳು. ಸಾಲದ ಕಾರಣ ಹೀಗಿತ್ತು: ಹಿರಿಯ ಮಗಳ ಲಗ್ನದ ಖರ್ಚಿನ ಬಾಬ್ತು.

ಮಗಳು! ಅದರಲ್ಲಿಯೂ ಹಿರಿಯ ಮಗಳು ಎಂದಮೇಲೆ ಕಿರಿಯಳೂ ಇರಬೇಕಷ್ಟೆ. ವಿಚಾರಿಸಿದಾಗ ಇಬ್ಬರೂ ಇದ್ದರು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ತಂದೆಯ ಸ್ವಯಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಹೆಣ್ಣುಮಕ್ಕಳಿಗೂ ಉಂಟು. ಪಿತ್ರಾರ್ಜಿತದಲ್ಲಿಯೂ ಸಮಪಾಲೆಂಬುದು 2005ರ ತಿದ್ದುಪಡಿಯಿಂದ ಬಂದ ಹಕ್ಕು.

ಮರುದಿನ ಕಚೇರಿಯಲ್ಲಿ ರಂಪವಾಯಿತು. “ಮದುವೆ ಮಾಡಿ ಕಳಿಸಿದವರಿಗೆ ಇನ್ನೇನು?” ಎಂದರು ಅಣ್ಣತಮ್ಮಂದಿರು. ಕೂಡಿಬಂದ ವ್ಯಾಪಾರವನ್ನು ಈ ಹುಡುಗಿ ಕೆಡಿಸಿದಳೆಂದು ದಳ್ಳಾಳಿ ಕೂಗಾಡಿದ. ಯಾರ ಹಣವನ್ನು ಕಾಪಾಡಿದಳೋ ಆ ಮೇಷ್ಟರೇ, “ಹಳೆಯದನ್ನೆಲ್ಲ ಕೆದಕು ಎಂದು ನಿನಗೆ ಹೇಳಿದವರು ಯಾರಮ್ಮ?” ಎಂದರಂತೆ. ಆ ಮಾತು ಆಕೆಗೆ ಬಹಳ ನೊಂದಿತು. ರಾತ್ರಿ ನನಗೆ ಫೋನ್ ಮಾಡಿ, ಕೆಲಸ ಬಿಟ್ಟುಬಿಡಲೇ ಎಂದು ಕೇಳಿದಳು. ನಾನು ಏನು ಹೇಳಿದೆನೋ ಈಗ ನೆನಪಿಲ್ಲ; ಬಿಡಲಿಲ್ಲವೆಂಬುದು ಮಾತ್ರ ಗೊತ್ತು.

ಎರಡು ತಿಂಗಳ ಮೇಲೆ ಕ್ರಯದ ದಿನ ನಾನೂ ಹೋಗಿದ್ದೆ. ಐವರೂ ಬಂದಿದ್ದರು. ಎಪ್ಪತ್ತು ದಾಟಿದ ಹಿರಿಯಕ್ಕ ತಮ್ಮಂದಿರಿಂದ ತುಸು ದೂರದ ಬೆಂಚಿನ ಮೇಲೆ ಕುಳಿತಿದ್ದರು. ಕನ್ನಡಕ ತಂದಿಲ್ಲ, ಬರೆದದ್ದನ್ನು ಓದಿ ಹೇಳಬೇಕು ಎಂದರು. ಹುಡುಗಿ ಪಕ್ಕದಲ್ಲಿ ಕುಳಿತು ಮೊದಲಿನಿಂದ ಓದತೊಡಗಿದಳು. ಅಷ್ಟಭೋಗದ ಸಾಲು ಬಂದಾಗ ಮುದುಕಿ ಕೈಯೆತ್ತಿ ನಿಲ್ಲಿಸಿದರು.

“ಜಲ ಅಂದೆಯಲ್ಲ ಮಗಳೇ, ಹಿತ್ತಿಲ ಬಾವಿಯೂ ಸೇರಿತೇ?”

“ಸೇರಿತು ಅಜ್ಜಿ.”

“ಅಮ್ಮ ನೀರು ಸೇದುತ್ತಿದ್ದ ಬಾವಿ” ಎಂದರು. ಕಿರಿಯ ತಮ್ಮ ತಲೆ ತಗ್ಗಿಸಿದ. ಆಮೇಲೆ ಆಕೆ ಲೇಖನಿ ಕೇಳಿ ಪಡೆದು, ಪ್ರತಿಯೊಂದು ಪುಟದಲ್ಲಿಯೂ ನಿಧಾನವಾಗಿ ತಮ್ಮ ಪೂರ್ತಿ ಹೆಸರನ್ನು ಬರೆದರು. ಐದು ಹೆಸರಿಗೆ ಐದು ಚೆಕ್ಕುಗಳನ್ನು ಲೆಕ್ಕ ನೋಡಿ ಹಂಚುವಷ್ಟರಲ್ಲಿ ಮಧ್ಯಾಹ್ನ ಎರಡೂವರೆಯಾಗಿತ್ತು. ಉಪಾಧ್ಯಾಯರು ಎಲ್ಲರನ್ನೂ ಎದುರಿನ ಹೋಟೆಲಿಗೆ ಊಟಕ್ಕೆ ಕರೆದರು. ಹುಡುಗಿಯನ್ನು ಎರಡು ಸಲ ಕರೆದರು.