ಹೀರೋ ಗೋಡೆ ಮೇಲೆ... ಭಾರ ಮೊಳೆ ಮೇಲೆ!

ತೆರೆಯ ಮೇಲೆ ಹೀರೋ ಮೂರನೇ ಮಹಡಿಯಿಂದ ಹಾರಿದರೆ ನಮ್ಮ ಶಿಳ್ಳೆ ಹೀರೋಗೆ. ಅವನ ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿದವನಿಗೆ ಶಿಳ್ಳೆ ಹಾಕಿದವರನ್ನು ನಾನಂತೂ ಕಂಡಿಲ್ಲ. ಚಿತ್ರಪಟಗಳಿಗೂ ಇದೇ ಹಣೆಬರಹ! ಗೋಡೆಯ ಮೇಲಿನ ಪಟ ನೋಡಿ "ಆಹಾ, ಏನು ಕಳೆ!" ಅನ್ನುವವರು ನೂರು ಮಂದಿ. ಹಿಂದೆ ಕತ್ತಲಲ್ಲಿ ನಿಂತು ಅಷ್ಟೂ ಭಾರ ಹೊತ್ತ ಆ ಎರಡಂಗುಲದ ಸ್ಕ್ರೂವನ್ನು ಮಾತಾಡಿಸಿದವರು ಯಾರು?

ಈ ವಾರ ಆ ಸ್ಕ್ರೂವಿನ ಕಥೆ. ಅದನ್ನು ಕೂರಿಸುವವರ ಕಥೆ.

ಹೌದು ಗೆಳೆಯರೇ, ಪಟ ತೂಗುಹಾಕುವುದನ್ನೇ ಕಸುಬು ಮಾಡಿಕೊಂಡವರು ಬೆಂಗಳೂರಿನಲ್ಲಿದ್ದಾರೆ. ಆರ್ಟ್ ಗ್ಯಾಲರಿಗಳಲ್ಲಿ ಪಳಗಿದ ಕೈಗಳು. ಗ್ಯಾಲರಿಯಲ್ಲಿ ಪ್ರದರ್ಶನ ಇಲ್ಲದ ದಿನ ಮನೆಗಳಿಗೆ ಹೋಗುತ್ತಾರೆ. ಕುಮಾರಕೃಪಾ ರಸ್ತೆಯ ಚಿತ್ರಸಂತೆ ಮುಗಿದರೆ ಸಾಕು, ಇವರಿಗೆ ಸುಗ್ಗಿ. ದುಡ್ಡು ಕೊಟ್ಟು ಕೊಂಡಾಯಿತು, ಆಟೋದಲ್ಲಿ ಮನೆಗೂ ಬಂತು, ಗೋಡೆಗೆ ಏರಿಸುವವರು ಯಾರು?

ಅಂಥ ಇಬ್ಬರ ಹಿಂದೆ ನಾನು ಒಂದು ದಿನ ಸುತ್ತಿದೆ. ಹಿರಿಯರಿಗೆ ಐವತ್ತರ ಮೇಲೆ. ಕಿರಿಯನಿಗೆ ಇಪ್ಪತ್ತೆರಡು, ಶುಕ್ರವಾರ ಫಸ್ಟ್ ಶೋ ತಪ್ಪಿಸುವ ಆಸಾಮಿಯಲ್ಲ. ಹೆಸರು ಬೇಡ ಎಂದರು. "ನಮ್ ಹೆಸರು ಯಾಕೆ ಸಾರ್, ಪಟ ಬೀಳದೇ ಇದ್ರೆ ಅದೇ ನಮ್ ಹೆಸರು" ಎಂದು ಹಿರಿಯರು ನಕ್ಕರು.

ಮಂಚದ ಕೆಳಗಿದ್ದ ಮಯೂರ

ಆ ದಿನದ ಕೆಲಸ ರಾಜಾಜಿನಗರದ ಒಂದು ಮನೆ. ಒಂದೇ ಒಂದು ಬೋರ್ಡ್. ಆದರೆ ಎಂಥ ಬೋರ್ಡ್!

ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಪ್ಲೈವುಡ್. ಅದರ ಮೇಲೆ ಕುದುರೆ ಏರಿದ ಡಾ. ರಾಜ್, ಕೈಯಲ್ಲಿ ಕತ್ತಿ. 1975ರ 'ಮಯೂರ' ಚಿತ್ರಕ್ಕಾಗಿ ಕೈಯಿಂದ ಬರೆದದ್ದು. ಬರೆದವರು ಆ ಮನೆಯ ಯಜಮಾನರು. ಮೂವತ್ತು ವರ್ಷ ಚಿತ್ರಮಂದಿರಗಳಿಗೆ ಬೋರ್ಡು, ಬ್ಯಾನರು ಬರೆದ ಜೀವ. ಈಗ ಅವರಿಲ್ಲ.

ಆ ಕಾಲದ ಬೋರ್ಡುಗಳ ಗತಿ ನಿಮಗೆ ಗೊತ್ತೇ? ಸಿನಿಮಾ ಬದಲಾದರೆ ಹಳೆಯ ಮುಖದ ಮೇಲೆ ಬಿಳಿ ಬಣ್ಣ, ಅದರ ಮೇಲೆ ಹೊಸ ಮುಖ. ಬಟ್ಟೆಯ ಬ್ಯಾನರಾದರೆ ಯಾರದೋ ಸೂರಿಗೆ ಮಳೆಯ ಹೊದಿಕೆ. ಮೂವತ್ತು ವರ್ಷ ಬರೆದವರ ಕೈಬರಹದಲ್ಲಿ ಉಳಿದದ್ದು ಈ ಒಂದೇ ಹಲಗೆ. ಅದೂ ಮಂಚದ ಕೆಳಗೆ, ಗೋಣಿಚೀಲದಲ್ಲಿ.

ಎಂಬತ್ತು ದಾಟಿದ ಅವರ ಹೆಂಡತಿ ಈಗ ಹೆಚ್ಚು ಹೊತ್ತು ಮಲಗಿಯೇ ಇರುತ್ತಾರೆ. "ಅದನ್ನ ಹೊರಗೆ ತೆಗೀರೋ, ನನ್ನ ತಲೆ ಮೇಲೆ ಹಾಕ್ರೋ" ಎಂದು ಮಗನ ಹತ್ತಿರ ಹಟ ಹಿಡಿದಿದ್ದರು.

ಹಿರಿಯರು ಮಂಚ ನೋಡಿದರು, ಗೋಡೆ ನೋಡಿದರು. ಕೈ ಆಡಿಸಿಬಿಟ್ಟರು. "ಅಮ್ಮಾ, ಮಲಗೋರ ತಲೆ ಮೇಲೆ ಭಾರ ಹಾಕಲ್ಲ. ಎಷ್ಟು ದುಡ್ಡು ಕೊಟ್ರೂ ಹಾಕಲ್ಲ. ಅದೂ ಅಲ್ದೆ, ತಲೆ ಮೇಲೆ ಇದ್ರೆ ನೀವು ನೋಡೋದು ಹೇಗೆ?"

ಅಜ್ಜಿ ಮಾತಾಡಲಿಲ್ಲ. ಎದುರಿನ ಗೋಡೆ ತೋರಿಸಿದರು.

ಅಲ್ಲಿ ಶುರುವಾಯಿತು ನೋಡಿ ಫೈಟಿಂಗು!

ಗೋಡೆಯ ಜಾತಕ

ಗೋಡೆ ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದೆವಲ್ಲ? ತಪ್ಪು ಲೆಕ್ಕ. ಹಿರಿಯರು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಹಳೆಯ ಇಟ್ಟಿಗೆ ಗೋಡೆ 'ಟಕ್ ಟಕ್' ಎನ್ನುತ್ತದೆ. ಕಾಂಕ್ರೀಟ್ ಕಂಬ ಕಲ್ಲಿನ ಹಾಗೆ ಸತ್ತ ಸದ್ದು ಕೊಡುತ್ತದೆ. ಟೊಳ್ಳು ಬ್ಲಾಕು, ಜಿಪ್ಸಂ ಹಲಗೆಯ ಗೋಡೆ 'ಡಬ್ ಡಬ್'.

ಅನುಮಾನ ಬಂದರೆ ಸಣ್ಣ ತೂತು. ಡ್ರಿಲ್ ಬಾಯಿಂದ ಬಂದ ಪುಡಿಯೇ ಜಾತಕ. ಕೆಂಪು ಬಂದರೆ ಇಟ್ಟಿಗೆ. ಬೂದು ಬಂದರೆ ಸಿಮೆಂಟ್ ಬ್ಲಾಕು. ಗಾರೆ ದಾಟಿದ ಮೇಲೂ ಬೆಳ್ಳನೆ ಮೆತ್ತನೆ ಪುಡಿ ಬರುತ್ತಲೇ ಇದ್ದರೆ ಈಚಿನ ಹಗುರ ಬ್ಲಾಕು. ಎದುರಿನ ಗೋಡೆಯಲ್ಲಿ ಬಂದದ್ದು ಈ ಬೆಳ್ಳನೆ ಪುಡಿ. ಮನೆ ರಿಪೇರಿ ಮಾಡಿಸಿದಾಗ ಎಬ್ಬಿಸಿದ ಅಡ್ಡಗೋಡೆಯಂತೆ.

ಗಾರೆ ಬರೀ ಮೇಕಪ್ಪು. ಅರ್ಧ ಅಂಗುಲದ ಗಾರೆಯಲ್ಲಿ ಕೂತ ಮೊಳೆ ಕ್ಯಾಲೆಂಡರ್ ಹೊರುತ್ತದೆ, ಅಷ್ಟೇ. ಭಾರದ ಪಟಕ್ಕೆ ಸ್ಕ್ರೂ ಮೇಕಪ್ಪು ದಾಟಿ ಒಳಗಿನ ಮೈಗೆ ಕನಿಷ್ಠ ಎರಡಂಗುಲ ಇಳಿಯಬೇಕು. ಅದೂ ಎರಡು ಇಟ್ಟಿಗೆಗಳ ನಡುವಿನ ಸಂದಿಗಲ್ಲ, ಇಟ್ಟಿಗೆಗೇ.

ಸ್ಕ್ರೂ ಒಬ್ಬಂಟಿಯಾಗಿ ಗೋಡೆ ಹಿಡಿಯದು. ಅದಕ್ಕೊಬ್ಬ ಜೊತೆಗಾರ ಬೇಕು: ಪ್ಲಗ್ಗು, ನಮ್ಮ ಬಾಯಲ್ಲಿ 'ಗಟ್ಟ'. ಸ್ಕ್ರೂ ಒಳಗೆ ಹೋದಂತೆ ಇದು ಉಬ್ಬಿ ತೂತಿನ ಅಂಚನ್ನು ಒತ್ತಿ ಹಿಡಿಯುತ್ತದೆ. 1910ರ ಆಸುಪಾಸಿನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆ ಕೆಡದ ಹಾಗೆ ವಿದ್ಯುತ್ ಸಾಮಾನು ಕೂರಿಸಬೇಕಾಗಿ ಬಂದಾಗ ಜಾನ್ ರಾಲಿಂಗ್ಸ್ ಎಂಬ ಕಂಟ್ರಾಕ್ಟರ್ ನಾರಿನಿಂದ ಇಂಥ ಪ್ಲಗ್ಗು ಮಾಡಿದ. 1958ರಲ್ಲಿ ಜರ್ಮನಿಯ ಆರ್ತರ್ ಫಿಷರ್ ಅದನ್ನು ನೈಲಾನಿನಲ್ಲಿ ತಂದ. ಈ ಫಿಷರ್ ನಮ್ಮ ಕಡೆಯವನೇ ಕಣ್ರೀ! ಮಗಳ ಫೋಟೋ ತೆಗೆಯಲು ಬೆಳಕು ಸಾಲದೆ, ಕ್ಯಾಮೆರಾ ಕ್ಲಿಕ್ಕಿನ ಜೊತೆಗೇ ಮಿಂಚುವ ಫ್ಲ್ಯಾಶ್ ಕಂಡುಹಿಡಿದವನೂ ಅವನೇ, 1949ರಲ್ಲಿ.

ಎಂಟು ಮಿಲಿಮೀಟರ್ ಪ್ಲಗ್ಗಿಗೆ ಎಂಟರ ಬಿಟ್ಟೇ. ತೂತು ದೊಡ್ಡದಾದರೆ ಬೆಂಕಿಕಡ್ಡಿ, ಕಾಗದ ತುರುಕಿ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. "ಅದು ಡೂಪ್ ಕೈಲಿ ಕ್ಲೋಸಪ್ ಮಾಡ್ಸಿದ ಹಾಗೆ ಸಾರ್" ಎಂದ ಕಿರಿಯ.

ತಂತಿಯ ಮೋಸ

ಫ್ರೇಮಿನ ಹಿಂದೆ ತಂತಿ ಕಟ್ಟಿ ಒಂದು ಮೊಳೆಗೆ ನೇತುಹಾಕುವುದು ನಮ್ಮೆಲ್ಲರ ಪದ್ಧತಿ. ಅದರಲ್ಲಿ ವಿಲನ್ ಕೂತಿದ್ದಾನೆ!

20 ಕಿಲೋ ಪಟ ಅಂದುಕೊಳ್ಳಿ. ತಂತಿ ಎರಡೂ ಕಡೆ 45 ಡಿಗ್ರಿ ಇಳಿಜಾರಿನಲ್ಲಿದ್ದರೆ ಒಂದೊಂದು ಎಳೆಯ ಮೇಲೂ ಸುಮಾರು 14 ಕಿಲೋ ಎಳೆತ. 30 ಡಿಗ್ರಿಗೆ ಬಂದರೆ ತಲಾ 20. ತಂತಿಯನ್ನು ಬಿಗಿದು 10 ಡಿಗ್ರಿಗೆ ತಂದಿರೋ, ತಲಾ 58 ಕಿಲೋ! ಪಟದ ತೂಕ ಒಂದು ಗ್ರಾಮೂ ಏರಿಲ್ಲ, ಎಳೆತ ಮಾತ್ರ ನಾಲ್ಕು ಪಟ್ಟು. ಬಿಗಿ ಕಟ್ಟಿದಷ್ಟೂ ಭದ್ರ ಎಂಬುದು ನಮ್ಮ ಭ್ರಮೆ. ಒಂದು ರಾತ್ರಿ ಕೊಂಡಿ ಕಿತ್ತು 'ಧಡಾರ್' ಎನ್ನುತ್ತದೆ.

ಆದ್ದರಿಂದ ಭಾರದ ಪಟಕ್ಕೆ ಇವರು ತಂತಿ ಬಳಸುವುದಿಲ್ಲ. ಒಂದು ಮರದ ಪಟ್ಟಿಯನ್ನು ಉದ್ದಕ್ಕೂ 45 ಡಿಗ್ರಿ ಓರೆಯಾಗಿ ಸೀಳಿ ಎರಡು ಮಾಡುತ್ತಾರೆ. ಒಂದು ಗೋಡೆಗೆ, ಇನ್ನೊಂದು ಪಟದ ಬೆನ್ನಿಗೆ. ಮೇಲಿನದು ಕೆಳಗಿನದರ ಮೇಲೆ ಬಂದು ಕೂತರೆ ಎರಡೂ ಕಚ್ಚಿಕೊಳ್ಳುತ್ತವೆ. ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಪಟ ಎಷ್ಟು ಭಾರವೋ ಅದರ ನಾಲ್ಕು ಪಟ್ಟು ತಾಳುವ ಹಾಗೆ ಲೆಕ್ಕ ಹಾಕಿಯೇ ಸ್ಕ್ರೂ ಎಣಿಸುವುದು ಇವರ ರೂಢಿ.

ಮಗನಿಗೆ ಗಾಜು ಹಾಕಿಸುವ ಆಸೆಯಿತ್ತು. ಹಿರಿಯರು ಲೆಕ್ಕ ಹೇಳಿದರು. ಆರು-ನಾಲ್ಕರ ಹಲಗೆ, ಹಿಂದಿನ ರೀಪರು ಸೇರಿ ಸುಮಾರು 23 ಕಿಲೋ. ನಾಲ್ಕು ಮಿಲಿಮೀಟರ್ ಗಾಜು ಹಾಕಿದರೆ ಗಾಜೇ 22 ಕಿಲೋ! ಹೀರೋ ಒಬ್ಬ, ಅವನ ಮೈಮೇಲೆ ಇನ್ನೊಬ್ಬ ಹೀರೋ. ಮೆತ್ತನೆ ಗೋಡೆಗೆ ಇದು ಬೇಡ. ಧೂಳಿನ ಭಯವಿದ್ದರೆ ತೆಳುವಾದ ಅಕ್ರಿಲಿಕ್ ಹಾಳೆ ಆದೀತು. ಅದರ ತೂಕ ಅಷ್ಟೇ ದಪ್ಪದ ಗಾಜಿನ ಅರ್ಧಕ್ಕಿಂತ ಕಡಿಮೆ. ಆದರೆ ಹಾಳೆ ಬಣ್ಣಕ್ಕೆ ಅಂಟದ ಹಾಗೆ ನಡುವೆ ಸಂದು ಬಿಡಬೇಕು. ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟರು: "ಏನೂ ಬೇಡ. ಅವರು ಬರೆದದ್ದು ಹಾಗೇ ಕಾಣ್ಲಿ."

ಕ್ಲೈಮ್ಯಾಕ್ಸ್

ಮೊದಲು ಗೋಡೆಗೆ ಹಲಗೆಯ ಅಳತೆಯ ಕಾಗದ ಅಂಟಿಸಿದರು. ಎತ್ತರ ಎಷ್ಟು? ಗ್ಯಾಲರಿಗಳಲ್ಲಿ ಪಟದ ನಡುಮಧ್ಯ ನೆಲದಿಂದ 57ರಿಂದ 60 ಅಂಗುಲದಲ್ಲಿರಬೇಕು ಎಂಬ ರೂಢಿ. ಅದು ನಿಂತು ನೋಡುವವರ ಕಣ್ಣಿನ ಮಟ್ಟ. ನಮ್ಮ ಹಳೆಯ ಮನೆಗಳಲ್ಲಿ ಪಟಗಳು ಬಾಗಿಲ ಮೇಲೆ, ಮುಂದಕ್ಕೆ ಬಾಗಿ ನೇತಾಡುತ್ತಿದ್ದವಲ್ಲ, ಅದರಲ್ಲೂ ಅರ್ಥವಿದೆ. ನೆಲದ ಮೇಲೆ ಚಾಪೆಯಲ್ಲಿ ಕೂತವರ ಕಣ್ಣಿಗೆ ನೇರ ಸಿಗಲಿ ಎಂಬ ಬಾಗು ಅದು.

ಇಲ್ಲಿ ನೋಡುವವರು ಮಲಗಿದ್ದಾರೆ. ಹಿರಿಯರು ಅಜ್ಜಿಯ ದಿಂಬಿನ ಪಕ್ಕ ತಲೆ ತಗ್ಗಿಸಿ ಕೂತು ಎದುರಿನ ಗೋಡೆ ನೋಡಿದರು. ಕಿರಿಯ ಕಾಗದ ಇಳಿಸಿದ, ಏರಿಸಿದ. "ಇನ್ನೊಂಚೂರು ಕೆಳಗೆ" ಎಂದದ್ದು ಅಜ್ಜಿ. ಕುದುರೆಯ ಕಣ್ಣು ಎಲ್ಲಿ ಬರಬೇಕೆಂದು ಅವರಿಗೆ ಗೊತ್ತಿತ್ತು!

ಗೋಡೆ ಮೆತ್ತಗಿದ್ದದ್ದಕ್ಕೆ ಎರಡು ಸ್ಕ್ರೂ ಕಡೆ ಆರು. ಹಗುರ ಬ್ಲಾಕಿಗೆಂದೇ ಮಾಡಿದ ಉದ್ದನೆ ಪ್ಲಗ್ಗು. ಡ್ರಿಲ್ಲಿನ ಸುತ್ತಿಗೆ ಹೊಡೆತ ಬಂದ್, ಬರೀ ತಿರುಗುವಿಕೆ. ಹೊಡೆತ ಕೊಟ್ಟರೆ ಇಂಥ ಬ್ಲಾಕು ಒಳಗೇ ಪುಡಿಯಾಗಿ ತೂತು ಸಡಿಲವಾಗುತ್ತದೆ. ಪಟ್ಟಿಯ ಮೇಲೆ ರಸಮಟ್ಟ ಇಟ್ಟಾಗ ಗುಳ್ಳೆ ನಡುವೆ ನಿಂತಿತು. ಆಮೇಲೆ ಕಿರಿಯ ಆ ಪಟ್ಟಿಗೆ ತನ್ನ ಮೈಭಾರ ಬಿಟ್ಟು ಜೋತುಬಿದ್ದ! ಅಲುಗಲಿಲ್ಲ.

ಇಬ್ಬರೂ ಹಲಗೆ ಎತ್ತಿ, ಒಂದಂಗುಲ ಮೇಲೆ ಹಿಡಿದು, ಮೆಲ್ಲಗೆ ಇಳಿಸಿದರು. ಒಂದು ಸಣ್ಣ 'ಟಕ್'. ಅಷ್ಟೇ.

ಅಜ್ಜಿ ಬಹಳ ಹೊತ್ತು ನೋಡಿದರು. "ಕುದುರೆ ಕಾಲು ಬರೆಯೋಕೆ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ" ಎಂದರು. ಕಿರಿಯ ಕಿಟಕಿ ಕಡೆ ತಿರುಗಿ ಡ್ರಿಲ್ಲಿನ ವೈರು ಸುತ್ತತೊಡಗಿದ. ಸುತ್ತಿದ್ದನ್ನೇ ಮತ್ತೆ ಸುತ್ತಿದ.

ಬೋರ್ಡ್ ಬರೆದವನ 118 ಕೋಟಿ

ಬೋರ್ಡ್ ಬರೆಯುವವರು ಎಂದು ಮೂಗು ಮುರಿಯಬೇಡಿ. ಎಂ.ಎಫ್. ಹುಸೇನ್ ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. 1954ರಲ್ಲಿ ಅವರು ಬರೆದ 'ಗ್ರಾಮ ಯಾತ್ರಾ', ಸುಮಾರು 14 ಅಡಿ ಉದ್ದದ ಚಿತ್ರ, ನಾರ್ವೆಯ ಓಸ್ಲೋ ನಗರದ ಆಸ್ಪತ್ರೆಯೊಂದರ ಗೋಡೆಯ ಮೇಲೆ ದಶಕಗಟ್ಟಲೆ ತಣ್ಣಗೆ ನೇತಾಡುತ್ತಿತ್ತು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಹೋದ ಬೆಲೆ ಸುಮಾರು 118 ಕೋಟಿ ರೂಪಾಯಿ! ಅಷ್ಟು ವರ್ಷ ಅದನ್ನು ಬೀಳದಂತೆ ಕಾದ ಕೊಕ್ಕೆಗೂ ಒಂದು ಕೈಮುಗಿಯಬೇಡವೇ?

ತಜ್ಞರೂ ಎಡವುತ್ತಾರೆ ಎನ್ನಿ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿ ಮಾತೀಸ್‌ನ ದೋಣಿಯ ಚಿತ್ರ 47 ದಿನ ತಲೆಕೆಳಗಾಗಿ ನೇತಾಡಿತು. ಸಾವಿರಾರು ಜನ ನೋಡಿ ತಲೆದೂಗಿ ಹೋದರು!

ಅಭಿಮಾನಿಗಳೇ, ಒಂದು ಮಾತು

ನಗೆ ಇಲ್ಲಿಗೆ ಸಾಕು. 2024ರ ಜನವರಿ 8, ಯಶ್ ಹುಟ್ಟುಹಬ್ಬ. ಅದರ ಮುನ್ನಾರಾತ್ರಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸಲು ಹೋದ ಹುಡುಗರಲ್ಲಿ ಮೂವರು ವಿದ್ಯುತ್ ತಂತಿ ತಗುಲಿ ಸತ್ತರು. ನಮ್ಮ ನಿಮ್ಮಂಥ ಹುಡುಗರು. ಯಶ್ ಆ ಊರಿಗೆ ಹೋಗಿ ಮನೆಯವರನ್ನು ಕಂಡರು, ಇಂಥ ಅಭಿಮಾನ ಬೇಡ ಎಂದು ಕೇಳಿಕೊಂಡರು. ಏರಿಸುವ ಕೆಲಸ ಗೊತ್ತಿದ್ದವರದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಮನೆಯ ಗೋಡೆಯೊಳಗೂ ಕರೆಂಟ್ ಹರಿಯುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅಡ್ಡಸಾಲಿನಲ್ಲಿ ಡ್ರಿಲ್ ಹಾಕಬೇಡಿ. ನಲ್ಲಿಯ ನೇರದಲ್ಲೂ ಬೇಡ. ಮಳೆಯ ಹೊಡೆತ ತಿನ್ನುವ ಹೊರಗೋಡೆಗೆ ಬೆಲೆಯುಳ್ಳ ಪಟ ಬೇಡ. ಮೈಸೂರು ಚಿತ್ರವಾಗಲಿ ತಂಜಾವೂರು ಪಟವಾಗಲಿ, ತೇವ ಕುಡಿದರೆ ಚಿನ್ನದ ರೇಕಿನ ಕೆಳಗಿನ ಉಬ್ಬುಗೆಲಸ ಪದರವಾಗಿ ಏಳುತ್ತದೆ. ಪಟದ ಕೆಳಮೂಲೆಗಳಿಗೆ ರಬ್ಬರ್ ಗುಂಡಿ ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಹಳೆಯ ಪೋಸ್ಟರ್ ಇದ್ದರೆ ಗೋಂದು, ಸೆಲೋಟೇಪು ಮುಟ್ಟಿಸಬೇಡಿ. ಬಿಸಿಲು ಬೀಳುವ ಗೋಡೆಯಂತೂ ಬೇಡವೇ ಬೇಡ. ಬಣ್ಣ ಹಾರಿಹೋದರೆ ನಿಮ್ಮ ಹೀರೋ ಬರೀ ನೀಲಿ ನೆರಳು.

ಹತ್ತು ಕಿಲೋ ಒಳಗಿನ ಪಟವಾದರೆ ಇಷ್ಟು ತಿಳಿದು ನೀವೇ ಏರಿಸಿ. ಅದಕ್ಕಿಂತ ಭಾರವಾದರೆ, ಅಥವಾ ಇನ್ನೊಂದು ಸಿಕ್ಕದ ಪಟವಾದರೆ, ಬಲ್ಲವರನ್ನು ಕರೆಯಿರಿ. ಕೂಲಿ ಕೊಡುವಾಗ ಚೌಕಾಸಿ ಮಾಡಬೇಡಿ.

ಅಂದ ಹಾಗೆ, ಹೊರಡುವಾಗ ಹಿರಿಯರನ್ನು ಕೇಳಿದೆ, ನಿಮ್ಮ ಮನೆಯ ಗೋಡೆಯಲ್ಲಿ ಯಾರ ಪಟ?

"ಬಾಡಿಗೆ ಮನೆ ಸಾರ್" ಎಂದರು. "ಓನರ್ರು ಮೊಳೆ ಹೊಡೆಯೋಕೆ ಬಿಡಲ್ಲ!"