ಕೆಲಸ ಬಿಡುವ ಮುಂಚೆ ಒಂದು ರಜೆ

ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ದುಡಿಯುವ ನಮಗೆ ಎಕ್ಸ್‌ಪೋ ಸ್ಟೇಷನ್ ಮನೆಯಂಗಳ ಇದ್ದ ಹಾಗೆ. ಅಲ್ಲಿಂದ ಮುಂದಿನ ಸ್ಟಾಪೇ ಏರ್‌ಪೋರ್ಟ್. ವಿಮಾನ ಹತ್ತಿದರೆ ನಾಲ್ಕೂವರೆ ಗಂಟೆಯಲ್ಲಿ ಬೆಂಗಳೂರು. ದಿನಾ ಸಂಜೆ ಸೂಟ್‌ಕೇಸ್ ಹಿಡಿದವರು ಆ ಕಡೆ ಹೋಗ್ತಾರೆ, ಲ್ಯಾಪ್‌ಟಾಪ್ ಹೊತ್ತ ನಾವು ಈ ಕಡೆ.

ಬ್ಯಾಂಕಿನ ವರ್ಷಾಂತ್ಯದ ಲೆಕ್ಕ, ಶನಿವಾರ ರಾತ್ರಿಯ ರಿಲೀಸ್, ಭಾನುವಾರದ ಸಪೋರ್ಟ್ ಕಾಲ್. ಇದೆಲ್ಲ ಮುಗಿದ ಮೇಲೆ ಮೈ ಕೈ ಬಿದ್ದುಹೋಗಿರುತ್ತೆ. ರಜೆ ಇರುತ್ತೆ, ಆದ್ರೆ ಹಾಕೋದಿಲ್ಲ. ಊರಲ್ಲಿ ತಂಗಿಯ ಮದುವೆ, ಗೃಹಪ್ರವೇಶ, ಅಪ್ಪನ ಕಣ್ಣಿನ ಆಪರೇಷನ್ ಅಂತ ಒಂದೊಂದೇ ದಿನ ಕೂಡಿಡ್ತೀವಿ. ಹೋಗಿ ಬಂದ ಮೇಲೆ ಹೋಗುವಾಗಿಗಿಂತ ಜಾಸ್ತಿ ಸುಸ್ತು. ಊರಿಗೆ ಹೋಗೋದು ಬೇರೆ, ದಣಿವಾರಿಸಿಕೊಳ್ಳೋದು ಬೇರೆ ಅನ್ನೋದನ್ನ ನಾವು ಒಪ್ಪಿಕೊಂಡೇ ಇಲ್ಲ.

ಹಾಗೇ ಎಳೆದುಕೊಂಡು ಹೋದರೆ ಒಂದು ದಿನ ‘ಬಿಟ್ಟು ಹಾಕೋಣ, ಎರಡು ತಿಂಗಳು ಸುಮ್ಮನಿದ್ದು ಬೇರೆ ಕೆಲಸ ಹುಡುಕೋಣ’ ಅನ್ನಿಸುತ್ತೆ. ಪಕ್ಕದ ಡೆಸ್ಕಿನ ಸಿಂಗಾಪುರದವರು ಹಾಗೆ ಮಾಡಬಹುದು. ಎಂಪ್ಲಾಯ್‌ಮೆಂಟ್ ಪಾಸಿನಲ್ಲಿರುವ ನಮ್ಮ ಲೆಕ್ಕ ಬೇರೆ. ಕೆಲಸ ಬಿಟ್ಟರೆ ಕಂಪನಿ ಪಾಸ್ ರದ್ದು ಮಾಡಲೇಬೇಕು. ಆಮೇಲೆ ಸಿಗೋದು 30 ದಿನದ ವಿಸಿಟ್ ಪಾಸ್. ಹೆಂಡತಿ ಮಕ್ಕಳ ಡಿಪೆಂಡೆಂಟ್ ಪಾಸ್ ಕೂಡ ಅದರ ಜೊತೆಗೇ ಹೋಗುತ್ತೆ. ತೆರಿಗೆ ಕ್ಲಿಯರೆನ್ಸ್ ಆಗುವವರೆಗೆ ಕೊನೆಯ ಸಂಬಳವೂ ಕಂಪನಿಯಲ್ಲೇ ತಡೆದಿರುತ್ತೆ. ಮಕ್ಕಳ ಸ್ಕೂಲು, ಮನೆ ಬಾಡಿಗೆ ತಲೆ ಮೇಲೆ ಕೂತಿರುವಾಗ ಆ 30 ದಿನದಲ್ಲಿ ಯಾರಿಗೆ ತಾನೇ ವಿಶ್ರಾಂತಿ? ಅದಕ್ಕೇ ನಾವು ಹೇಳೋದು, ರಾಜೀನಾಮೆ ಪತ್ರಕ್ಕಿಂತ ಮೊದಲು ರಜೆ ಅರ್ಜಿ ಬರೆಯಿರಿ.

ಹಕ್ಕಿನ ವಿಷಯ ತಿಳಿದಿರಲಿ. 2019ರ ಏಪ್ರಿಲ್ 1ರಿಂದ ಇಲ್ಲಿನ ಎಂಪ್ಲಾಯ್‌ಮೆಂಟ್ ಆಕ್ಟ್ ಮ್ಯಾನೇಜರುಗಳಿಗೂ ಅನ್ವಯಿಸುತ್ತೆ, ವಿದೇಶೀಯರಾದ ನಮಗೂ. ಮನೆಗೆಲಸದವರು, ಹಡಗಿನವರು, ಸರ್ಕಾರಿ ನೌಕರರು ಮಾತ್ರ ಇದರ ಹೊರಗೆ. ಮೂರು ತಿಂಗಳು ಕೆಲಸ ಮಾಡಿದ ಮೇಲೆ ಸಂಬಳ ಸಹಿತ ರಜೆ ಹಕ್ಕು. ಮೊದಲ ವರ್ಷ 7 ದಿನ, ಆಮೇಲೆ ವರ್ಷಕ್ಕೊಂದು ದಿನ ಹೆಚ್ಚಿ 14ರವರೆಗೆ. ಇದು ಕನಿಷ್ಠ, ನಿಮ್ಮ ಕರಾರಿನಲ್ಲಿ ಇನ್ನೂ ಹೆಚ್ಚಿರಬಹುದು, ತೆಗೆದು ನೋಡಿ. ಆರು ತಿಂಗಳಾದವರಿಗೆ ವರ್ಷಕ್ಕೆ 14 ದಿನ ಕಾಯಿಲೆ ರಜೆ ಬೇರೆ ಇದೆ, ಆಸ್ಪತ್ರೆ ಸೇರಿದರೆ ಎಲ್ಲ ಸೇರಿ 60 ದಿನ. ನಿದ್ದೆ ಬರ್ತಿಲ್ಲ, ಎದೆ ಡವಗುಟ್ಟುತ್ತೆ ಅಂದ್ರೆ ಅದು ಸೋಮಾರಿತನ ಅಲ್ಲ. ಡಾಕ್ಟರ ಹತ್ರ ಹೋಗಿ.

ಕೇಳೋದಕ್ಕೂ ಒಂದು ಹೊತ್ತಿದೆ. ರಿಲೀಸ್ ತಾರೀಕು ಗೊತ್ತಾದ ದಿನವೇ, ಅದು ಮುಗಿದ ಮರುವಾರಕ್ಕೆ ರಜೆ ಬರೆದು ಕೇಳಿ. ಕೆಲಸ ಯಾರಿಗೆ ಒಪ್ಪಿಸ್ತೀರಿ ಅನ್ನೋದನ್ನೂ ಅದರಲ್ಲೇ ಬರೆಯಿರಿ. ರಜೆ ಮುಗಿದಿದ್ರೆ ಸಂಬಳವಿಲ್ಲದ ರಜೆ ಕೇಳಬಹುದು. ಕೊಡೋದು ಬಿಡೋದು ಕಂಪನಿಯ ಇಷ್ಟ, ಕೇಳೋದಕ್ಕೆ ಏನು ಖರ್ಚು? 2024ರ ಡಿಸೆಂಬರ್ 1ರಿಂದ ಬಂದ ಮಾರ್ಗಸೂಚಿ ಪ್ರಕಾರ, ಪ್ರೊಬೇಷನ್ ಮುಗಿಸಿದವರು ಕೆಲಸದ ವೇಳೆ ಅಥವಾ ಜಾಗ ಸಡಿಲಿಸಿ ಅಂತ ಬರೆದು ಕೇಳಿದರೆ, ಕಂಪನಿ ಎರಡು ತಿಂಗಳೊಳಗೆ ಬರಹದಲ್ಲೇ ಉತ್ತರ ಕೊಡಬೇಕು.

ಇನ್ನೊಂದು ಮಾತು. ಊರಿಗಂತ ಇಟ್ಟ ರಜೆಯಲ್ಲಿ ಮೂರೇ ಮೂರು ದಿನ ನಿಮಗಂತ ತೆಗೆದಿಡಿ. ಟಿಕೆಟ್ ಬೇಡ, ಸೂಟ್‌ಕೇಸ್ ಬೇಡ. ಒಂದು ದಿನ ಬರೀ ನಿದ್ದೆ. ಮಾರನೇ ದಿನ ಚಾಂಗಿ ವಿಲೇಜಿನಿಂದ ದೋಣಿ ಹತ್ತಿ ಪುಲಾವ್ ಉಬಿನ್‌ಗೆ ಹೋಗಿ ಸೈಕಲ್ ತುಳಿಯಿರಿ. ಮೂರನೇ ದಿನ ಮನೇಲಿ ಅನ್ನ ಸಾರು ಮಾಡಿ, ಅಮ್ಮನಿಗೆ ಗಡಿಬಿಡಿ ಇಲ್ಲದೆ ಫೋನ್ ಮಾಡಿ. ‘ಯಾಕೋ, ಇವತ್ತು ಆಫೀಸಿಲ್ವಾ?’ ಅಂತ ಕೇಳ್ತಾರೆ. ‘ಇಲ್ಲಮ್ಮ, ರಜೆ ಹಾಕಿದೀನಿ’ ಅನ್ನಿ. ಅವರಿಗೂ ಸಮಾಧಾನ ಆಗುತ್ತೆ.