ಕಿವಿಗೂ ಇರಲಿ ಒಂದು ಬಾಗಿಲು

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ಕೊಪ್ಪಳ ಸೀಮೆಯ ಹಳೆಯ ಮಾತು. ಕಿವಿಯಿದ್ದವರು ಏನು ಮಾಡಬೇಕೆಂದು ಹಿರಿಯರು ಹೇಳಿಲ್ಲ. ಆಗ ಹೇಳುವ ಅಗತ್ಯವೂ ಇರಲಿಲ್ಲವೇನೋ! ಡೊಳ್ಳು, ಹಲಗೆ, ಶಹನಾಯಿಗಳ ಮೆರವಣಿಗೆ ಓಣಿ ದಾಟಿದರೆ ಸದ್ದೂ ದಾಟುತ್ತಿತ್ತು. ಬಾರಿಸುವವನ ತೋಳು ಸೋತರೆ ವಾದ್ಯವೂ ವಿರಮಿಸುತ್ತಿತ್ತು. ಜನರೇಟರಿಗೆ ಸೋಲುವ ತೋಳಿಲ್ಲ.

ಇಂದು ಗಣೇಶ ವಿಸರ್ಜನೆ ಇರಲಿ, ಮದುವೆಯ ದಿಬ್ಬಣವಿರಲಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಬೀದಿಗಳಲ್ಲಿ ಆಳೆತ್ತರಕ್ಕೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳ ವಾಹನ ಹೊಸ ನೋಟವೇನಲ್ಲ. ಡಿಜೆ ಬೇಕೇ ಬೇಡವೇ ಎಂಬ ಚರ್ಚೆ ಬಂದಾಗಲೆಲ್ಲ ಅಕ್ಕಪಕ್ಕದ ಮನೆಯವರು, ಹೃದ್ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು ನೆನಪಾಗುತ್ತಾರೆ. ಅದು ಸರಿಯೇ. ಆದರೆ ಆ ಪೆಟ್ಟಿಗೆಗಳಿಗೆ ಎಲ್ಲರಿಗಿಂತ ಹತ್ತಿರ, ಗಂಟೆಗಟ್ಟಲೆ ನಿಲ್ಲುವವನು ಅದನ್ನು ನಡೆಸುವ ಹುಡುಗ. ಹಬ್ಬದ ದಿನಗಳಲ್ಲಿ ನಾಲ್ಕು ಕಾಸು ಗಳಿಸಲು ಬಂದ ಕಾಲೇಜು ವಿದ್ಯಾರ್ಥಿಯೂ ಅವನಿರಬಹುದು. ಅವನ ಕಿವಿಯ ಚಿಂತೆ ಯಾರಿಗೆ?

ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಅಲೆಗೆ ಇವು ಬಾಗಿ, ಆ ಚಲನೆಯನ್ನು ನರಗಳ ಮೂಲಕ ಮಿದುಳಿಗೆ ಮುಟ್ಟಿಸುತ್ತವೆ. ಗಂಗಾವತಿಯ ಗದ್ದೆಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಗಾಳಿಗೆ ಬಾಗಿದ ಭತ್ತದ ಪೈರು ಮತ್ತೆ ನೆಟ್ಟಗಾಗುತ್ತದೆ, ಬಿರುಗಾಳಿಗೆ ಮುರಿದದ್ದು ಏಳುವುದಿಲ್ಲ. ರೈತ ಮುಂದಿನ ಹಂಗಾಮಿಗೆ ಮತ್ತೆ ನಾಟಿ ಮಾಡಬಹುದು. ಕಿವಿಯಲ್ಲಿ ಮಾತ್ರ ಎರಡನೆಯ ನಾಟಿ ಇಲ್ಲ. ಮನುಷ್ಯನಲ್ಲಿ ಸತ್ತ ರೋಮಕೋಶ ಮರಳಿ ಬೆಳೆಯುವುದಿಲ್ಲ.

ಎಷ್ಟು ಸದ್ದು ಎಷ್ಟು ಹೊತ್ತು ಎಂಬುದರ ಮೇಲೆ ಹಾನಿ ನಿಂತಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕೆಲಸ ಮಾಡಬಹುದು. ಮೇಲಿನ ಪ್ರತಿ 3 ಡೆಸಿಬಲ್‌ಗೆ ಈ ಅವಧಿ ಅರ್ಧವಾಗುತ್ತ ಹೋಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. 105ಕ್ಕೆ ಐದು ನಿಮಿಷವೂ ಇಲ್ಲ. ದೊಡ್ಡ ಸ್ಪೀಕರಿನ ಎದುರು ಈ ಮಟ್ಟ ಮುಟ್ಟುವುದು ಕಷ್ಟವೇನಲ್ಲ. ಮೆರವಣಿಗೆ ಐದು ನಿಮಿಷಕ್ಕೆ ಮುಗಿಯುತ್ತದೆಯೇ?

ಇದರಲ್ಲಿ ಇನ್ನೊಂದು ಮೋಸವಿದೆ. ದೊಡ್ಡ ಸದ್ದಿನಲ್ಲಿ ಹೊತ್ತು ಕಳೆದಂತೆ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ. ಡಿಜೆ ನಡೆಸುವವನಿಗೆ ಸೌಂಡ್ ಇಳಿಯಿತೆನ್ನಿಸಿ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾನೆ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಮೊರೆತ, ತಾಯಿ ಕರೆದದ್ದು ದೂರದಿಂದ ಬಂದಂತೆ ಭಾಸ. ಬೆಳಗ್ಗೆ ಸರಿಹೋಯಿತೆಂದು ಅವನು ಮರೆಯುತ್ತಾನೆ. ಹೀಗೆ ಮರೆತ ರಾತ್ರಿಗಳು ಕೂಡುತ್ತ ಹೋಗುತ್ತವೆ. ಮೊದಲು ಹೋಗುವುದು ಹೆಚ್ಚಿನ ಕಂಪನಾಂಕದ ಧ್ವನಿಗಳ ಗ್ರಹಿಕೆ. ಮೇಷ್ಟ್ರ ದನಿ ಕೇಳಿಸುತ್ತದೆ. 'ಸ' ಎಂದರೋ 'ತ' ಎಂದರೋ ತಿಳಿಯುವುದಿಲ್ಲ. ಗಮನವಿಲ್ಲವೆಂದು ಬೈಸಿಕೊಳ್ಳುವ ಹುಡುಗನಿಗೆ ಇರುವ ತೊಂದರೆ ಬೇರೆಯೇ ಇರಬಹುದು. ಸೇನೆಗೆ ಸೇರಲು ನಸುಕಿನಲ್ಲೆದ್ದು ಓಡುವ ತರುಣರು ಒಂದು ಮಾತು ಮರೆಯಬಾರದು: ಅಲ್ಲಿನ ವೈದ್ಯಕೀಯ ತಪಾಸಣೆಯಲ್ಲಿ ಕಿವಿಯನ್ನೂ ನೋಡುತ್ತಾರೆ.

2024ರ ಜೂನ್‌ನಲ್ಲಿ ಗಾಯಕಿ ಅಲ್ಕಾ ಯಾಗ್ನಿಕ್ ತಮಗೆ ಶ್ರವಣದೋಷ ಉಂಟಾದುದನ್ನು ಬಹಿರಂಗಪಡಿಸಿದರು. ಅವರಿಗೆ ಅದು ವೈರಾಣುವಿನಿಂದ ಬಂದದ್ದು. ಆದರೂ ಅತಿ ಜೋರಿನ ಸಂಗೀತ ಮತ್ತು ಹೆಡ್‌ಫೋನ್ ಬಗ್ಗೆ ಎಚ್ಚರವಿರಲಿ ಎಂದು ಅಭಿಮಾನಿಗಳಿಗೂ ಕಿರಿಯ ಕಲಾವಿದರಿಗೂ ಅವರು ಆಗಲೇ ಹೇಳಿದರು.

ಕಾನೂನು ಇದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕುತ್ತವೆ. ಆದರೆ ಸಂಜೆ 5ರಿಂದ 10ರವರೆಗೆ ಪೆಟ್ಟಿಗೆಯ ಪಕ್ಕದಲ್ಲೇ ನಿಂತವನಿಗೆ ಈ ಗಡಿಯಾರದಿಂದ ಏನು ಪ್ರಯೋಜನ? ಅವನಿಗೆ ಬೇಕಾದದ್ದು ಇಯರ್‌ಪ್ಲಗ್. ಸಂಗೀತ ಕಾರ್ಯಕ್ರಮಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ರೂಪಿಸಿದ ಮಾನದಂಡವೂ, ಸದ್ದಿನ ಸರಾಸರಿ 100 ಡೆಸಿಬಲ್ ಮೀರದಿರಲಿ ಎಂಬುದರ ಜೊತೆಗೆ, ಬಂದವರಿಗೆ ಕಿವಿರಕ್ಷಕಗಳು ಸಿಗುವಂತಿರಬೇಕು ಎನ್ನುತ್ತದೆ.

ಹತ್ತಿ ತುರುಕಿಕೊಂಡರೆ ಸಾಲದು. ಅದು ತಡೆಯುವುದು ತೀರ ಕಡಿಮೆ. ಮೆತ್ತನೆಯ ಫೋಮ್ ಪ್ಲಗ್ ಕೆಲವೇ ರೂಪಾಯಿಗಳಿಗೆ ಸಿಗುತ್ತದೆ. ಅದನ್ನು ಹಾಕುವುದೇ ಒಂದು ವಿದ್ಯೆ. ಕೈ ತೊಳೆದು ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಬತ್ತಿಯಂತೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು ಒಳಗಿಡಬೇಕು. ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೊರಗೆ ಜೋಲಾಡುವಂತೆ ಸಿಕ್ಕಿಸಿದರೆ ಪೊಟ್ಟಣದ ಮೇಲೆ ಬರೆದ 30 ಡೆಸಿಬಲ್ ರಕ್ಷಣೆಯ ಅರ್ಧವೂ ಸಿಗದು. ತೆಗೆಯುವಾಗ ತಿರುಚುತ್ತ ನಿಧಾನವಾಗಿ ಎಳೆಯಬೇಕು. ಕೊಳೆಯಾದದ್ದನ್ನು ಎಸೆಯಬೇಕು.

ಪ್ಲಗ್ ಹಾಕಿದರೆ ಹಾಡು ಕೆಡುತ್ತದೆ ಎಂಬುದು ಡಿಜೆ ಹುಡುಗರ ತಕರಾರು. ಅದರಲ್ಲಿ ಸತ್ಯವಿದೆ. ಫೋಮ್ ಪ್ಲಗ್ ಕೀರಲು ಧ್ವನಿಯನ್ನು ಹೆಚ್ಚು ತಡೆದು ಹಾಡನ್ನು ಮಸುಕಾಗಿಸುತ್ತದೆ. ಇದಕ್ಕೆಂದೇ ಸಂಗೀತಗಾರರ ಪ್ಲಗ್‌ಗಳಿವೆ. ಬೆಲೆ ಹೆಚ್ಚು, ಆದರೆ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. 15 ಡೆಸಿಬಲ್ ತಗ್ಗಿದರೂ 105 ಎಂಬುದು 90 ಆಗುತ್ತದೆ. ಐದು ನಿಮಿಷದೊಳಗಿನ ಅವಧಿ ಎರಡೂವರೆ ಗಂಟೆಯಾಗುತ್ತದೆ. ಬೇಸ್‌ನ ಗುದ್ದು ಎದೆಗೆ ಹೇಗೂ ತಾಕುತ್ತದೆ, ಕುಣಿತಕ್ಕೇನೂ ಕೊರತೆಯಿಲ್ಲ!

ಕುಣಿಯುವವರೂ ಸ್ಪೀಕರಿನ ಬಾಯಿಂದ ದೂರವಿದ್ದು, ಆಗಾಗ ಪಕ್ಕದ ಓಣಿಗೆ ಹೋಗಿ ಹತ್ತು ನಿಮಿಷ ಕಿವಿಗೆ ಬಿಡುವು ಕೊಡಬೇಕು. ಅಪ್ಪನ ಹೆಗಲೇರಿ ಮೆರವಣಿಗೆ ನೋಡುವ ಎಳೆಯ ಮಕ್ಕಳನ್ನಂತೂ ಹತ್ತಿರ ಒಯ್ಯಲೇಬಾರದು.

ಮೊರೆತ ಒಂದೆರಡು ದಿನ ಕಳೆದರೂ ನಿಲ್ಲದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಒಂದು ಕಿವಿ ಹಠಾತ್ತನೆ ಕೇಳಿಸದಂತಾದರೆ ಅಂದೇ ಹೋಗಬೇಕು, ಏಕೆಂದರೆ ಅದಕ್ಕೆ ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ. ಶ್ರವಣ ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಹೆಡ್‌ಫೋನಿನಲ್ಲಿ ಕೇಳಿದ ಪ್ರತಿ ಸಣ್ಣ ನಾದಕ್ಕೂ ಬೆರಳೆತ್ತಬೇಕು, ಅಷ್ಟೆ. ಶಬ್ದದ ಪೆಟ್ಟು ತಿಂದ ಕಿವಿಯಾದರೆ ನಕ್ಷೆಯ ಗೆರೆ 4000 ಹರ್ಟ್ಸ್ ಸುಮಾರಿಗೆ ಗುಂಡಿಯಂತೆ ಕುಸಿದಿರುತ್ತದೆ.